ಗಾಜಿನ ಓರೆ, ಫಿಲ್ಟರಿನ ತಿರುವು

ಎಲ್ಲರಿಗೂ ನಮಸ್ಕಾರ.

ಪರದೆಯ ಮೇಲಿರುವ ಚಿತ್ರವನ್ನು ಒಮ್ಮೆ ನೋಡಿ. ತುಮಕೂರು ರಸ್ತೆ, ಮಟಮಟ ಮಧ್ಯಾಹ್ನ. ಮುಂದೆ ಒಂದು ಲಾರಿ ಹೋಗುತ್ತಿದೆ. ಅದರ ನಂಬರ್ ಪ್ಲೇಟ್ ಇರಬೇಕಾದ ಜಾಗದಲ್ಲಿ ಬೆಳ್ಳಗೆ ಏನೋ ತೇಲುತ್ತಿದೆ. ಅದು ಡ್ಯಾಶ್‌ಬೋರ್ಡ್ ಮೇಲಿದ್ದ ಟಿಶ್ಯೂ ಡಬ್ಬ. ಪಕ್ಕದಲ್ಲಿ ಟೋಲ್ ರಸೀದಿ, ಅದರಾಚೆ ಪುಟ್ಟ ಗಣಪತಿ. ಕ್ಯಾಮೆರಾ ಚೆನ್ನಾಗಿಯೇ ಇದೆ, 4ಕೆ. ಆದರೂ ಪ್ಲೇಟಿನ ಒಂದು ಅಂಕಿಯೂ ಓದಲು ಬರುವುದಿಲ್ಲ.

ನಾವು ಡ್ಯಾಶ್‌ಕ್ಯಾಮ್, ಅಂದರೆ ಕಾರಿನೊಳಗಿಂದ ರಸ್ತೆಯನ್ನು ವಿಡಿಯೋ ಮಾಡುತ್ತಿರುವ ಕ್ಯಾಮೆರಾ, ಹಾಕಿಸುವುದೇ ನಾಳೆ ಏನಾದರೂ ಆದರೆ ಕೈಯಲ್ಲಿ ಒಂದು ಸಾಕ್ಷಿ ಇರಲಿ ಅಂತ. ಆ ಸಾಕ್ಷಿಯಲ್ಲಿ ಗುದ್ದಿ ಹೋದ ಗಾಡಿಯ ಬದಲು ಟಿಶ್ಯೂ ಡಬ್ಬ ಕಂಡರೆ ಏನು ಪ್ರಯೋಜನ? ಇದಕ್ಕೆ ಪರಿಹಾರ ಅಂತ ಅಂಗಡಿಯಲ್ಲಿ ಲೆನ್ಸಿನ ಮುಂದೆ ಹಾಕುವ ಸಿಪಿಎಲ್ ಅನ್ನುವ ಸಣ್ಣ ಗಾಜಿನ ಬಿಲ್ಲೆ ಕೊಡುತ್ತಾರೆ. ಸರ್ಕ್ಯುಲರ್ ಪೋಲರೈಸಿಂಗ್ ಫಿಲ್ಟರ್. ಕೆಲವರು ಹಾಕಿಕೊಂಡು "ಅದ್ಭುತ" ಅನ್ನುತ್ತಾರೆ. ಇನ್ನು ಕೆಲವರು "ದುಡ್ಡು ದಂಡ, ಏನೂ ಬದಲಾಗಲಿಲ್ಲ" ಅನ್ನುತ್ತಾರೆ. ಇಬ್ಬರ ಮಾತೂ ನಿಜ.

ಯಾಕೆ ಅಂದರೆ, ಈ ಫಿಲ್ಟರಿನ ಗುಟ್ಟು ಫಿಲ್ಟರಿನಲ್ಲಿ ಅರ್ಧ, ನಿಮ್ಮ ಗಾಡಿಯ ಮುಂದಿನ ಗಾಜಿನಲ್ಲಿ ಅರ್ಧ ಇದೆ. ಗಾಜು ಎಷ್ಟು ಓರೆಯಾಗಿ ಮಲಗಿದೆ ಅಂತ ಗೊತ್ತಾದರೆ ಫಿಲ್ಟರ್ ಕೊಳ್ಳಬೇಕಾ ಬೇಡವಾ, ಎತ್ತ ತಿರುಗಿಸಬೇಕು, ಎಲ್ಲಿ ಅದು ಕೈಕೊಡುತ್ತದೆ ಅನ್ನುವುದೆಲ್ಲ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ.

ಮೊದಲು ಬಿಂಬ ಎಲ್ಲಿಂದ ಬರುತ್ತದೆ ನೋಡೋಣ. ಬಿಸಿಲು ಡ್ಯಾಶ್‌ಬೋರ್ಡ್ ಮೇಲೆ ಬೀಳುತ್ತದೆ. ಅಲ್ಲಿಂದ ಎದ್ದ ಬೆಳಕು ಗಾಜಿನ ಒಳಮೈಗೆ ತಾಗಿ ಕ್ಯಾಮೆರಾ ಕಡೆ ತಿರುಗುತ್ತದೆ. ಗಾಜಿಗೆ ಹೊರಮೈಯೂ ಇದೆಯಲ್ಲ, ಅದೂ ಸ್ವಲ್ಪ ಬೆಳಕನ್ನು ವಾಪಸ್ ಕಳಿಸುತ್ತದೆ. ಹಾಗಾಗಿ ಸೂಕ್ಷ್ಮವಾಗಿ ನೋಡಿದರೆ ರಸೀದಿಯ ಅಂಚು ಎರಡೆರಡಾಗಿ ಕಾಣುತ್ತದೆ. ಈ ಚಿತ್ರದಲ್ಲೂ ಹಾಗೇ ಇದೆ, ಹತ್ತಿರ ಬಂದು ನೋಡಬಹುದು.

ಬೆಳಕು ಒಂದು ಅಲೆ. ಅದು ತಾನು ಸಾಗುವ ದಾರಿಗೆ ಅಡ್ಡವಾಗಿ ಕಂಪಿಸುತ್ತದೆ. ಬಿಸಿಲಿನಲ್ಲಿ ಈ ಕಂಪನ ಎಲ್ಲ ದಿಕ್ಕಿಗೂ ಇರುತ್ತದೆ. ಆದರೆ ಗಾಜಿಗೆ ತಾಗಿ ಬಂದ ಬೆಳಕಿನಲ್ಲಿ ಒಂದೇ ದಿಕ್ಕಿನ ಕಂಪನ ಜಾಸ್ತಿ ಉಳಿಯುತ್ತದೆ. ಇದನ್ನೇ ಶಾಲೆಯ ಪುಸ್ತಕದಲ್ಲಿ ಬೆಳಕಿನ ಧ್ರುವೀಕರಣ ಅಂತ ಓದಿರುತ್ತೀರಿ. ಪ್ಯಾರಿಸ್ಸಿನಲ್ಲಿ ಎತಿಯೆನ್ ಲೂಯಿ ಮಾಲ್ಯೂಸ್ 1808ರಲ್ಲಿ ತನ್ನ ಮನೆಯಿಂದಲೇ ಇದನ್ನು ಕಂಡುಹಿಡಿದ. ಲಕ್ಸೆಂಬರ್ಗ್ ಅರಮನೆಯ ಕಿಟಕಿ ಗಾಜಿನಲ್ಲಿ ಸಂಜೆ ಸೂರ್ಯ ಹೊಳೆಯುತ್ತಿದ್ದ. ಮಾಲ್ಯೂಸ್ ಆ ಹೊಳಪನ್ನು ಐಸ್‌ಲ್ಯಾಂಡ್ ಸ್ಪಾರ್ ಅನ್ನುವ ಹರಳಿನ ಮೂಲಕ ನೋಡಿದ. ಆ ಹರಳಿನಲ್ಲಿ ಯಾವುದೇ ವಸ್ತು ಎರಡಾಗಿ ಕಾಣುತ್ತದೆ. ಹರಳನ್ನು ತಿರುಗಿಸುತ್ತ ಹೋದಂತೆ ಒಂದು ಬಿಂಬ ಮಂಕಾಗಿ ಇನ್ನೊಂದು ಬೆಳಗಿತು. ಇನ್ನೂ ತಿರುಗಿಸಿದಾಗ ಅದಲುಬದಲಾಯಿತು. ಕಿಟಕಿ ಗಾಜಿನ ಹೊಳಪು, ಕಣ್ಣ ಮುಂದೆ ತಿರುಗುವ ಒಂದು ಹರಳು. 200 ವರ್ಷ ಆದಮೇಲೆ ನಾವು ಕಾರಿನಲ್ಲಿ ಕೂತು ಮಾಡುವುದೂ ಅದೇ ಕೆಲಸ. ಇದು ನನಗೆ ತುಂಬಾ ಇಷ್ಟವಾದ ಸಂಗತಿ.

ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ 1815ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟ. ಗಾಜಿನ ಮೇಲೆ ನೆಟ್ಟಗೆ ಒಂದು ಗೆರೆ ನಿಲ್ಲಿಸಿದ್ದೇವೆ ಅಂದುಕೊಳ್ಳಿ. ಬೆಳಕು ಆ ಗೆರೆಯಿಂದ ಸುಮಾರು 56 ಡಿಗ್ರಿ ಓರೆಯಾಗಿ ಬಂದರೆ, ತಿರುಗಿ ಹೋಗುವ ಬೆಳಕಿನಲ್ಲಿ ಒಂದೇ ದಿಕ್ಕಿನ ಕಂಪನ ಉಳಿಯುತ್ತದೆ. ನಮ್ಮ ಕಾರಿನ ವಿಷಯದಲ್ಲಿ ಅದು ಅಡ್ಡ ಕಂಪನ, ಅಂದರೆ ಎಡದಿಂದ ಬಲಕ್ಕೆ. ಅಂಥ ಬೆಳಕಿನಲ್ಲಿ ನೂರಕ್ಕೆ ಸುಮಾರು 15 ಪಾಲು ಗಾಜಿನ ಪ್ರತಿ ಮೈಯಿಂದಲೂ ವಾಪಸ್ ಬರುತ್ತದೆ. ಮೇಲೆ ಕೆಳಗೆ ಕಂಪಿಸುವ ಬೆಳಕು ಒಂದು ಚೂರೂ ವಾಪಸ್ ಬರುವುದಿಲ್ಲ, ಪೂರ್ತಿ ಗಾಜಿನೊಳಗೆ ಹೋಗಿಬಿಡುತ್ತದೆ.

ಈಗ ನಿಮ್ಮ ಕಾರಿಗೆ ಬನ್ನಿ. ಇವತ್ತಿನ ಹೆಚ್ಚಿನ ಕಾರುಗಳ ಮುಂದಿನ ಗಾಜು ನೆಲಮಟ್ಟದಿಂದ 25ರಿಂದ 35 ಡಿಗ್ರಿಯಷ್ಟೇ ಎದ್ದಿರುತ್ತದೆ. 30 ಅಂತ ಇಟ್ಟುಕೊಳ್ಳೋಣ. ಕ್ಯಾಮೆರಾ ರಸ್ತೆಯನ್ನು ನೇರ ನೋಡುತ್ತಿದೆ. ಹಾಗಾದರೆ, ಗಾಜಿನ ಮೇಲೆ ನೆಟ್ಟಗೆ ನಿಲ್ಲಿಸಿದ ಆ ಗೆರೆಯಿಂದ ಅಳೆದರೆ, ಅದರ ನೋಟ ಗಾಜಿಗೆ ತಾಗುವುದು 90ರಲ್ಲಿ 30 ಕಳೆದು 60 ಡಿಗ್ರಿ ಓರೆಯಲ್ಲಿ. ಬ್ರೂಸ್ಟರ್ ಹೇಳಿದ 56ಕ್ಕೆ ಎಷ್ಟು ಹತ್ತಿರ ನೋಡಿ! ಕಾರು ಕಟ್ಟುವವರು ಗಾಜನ್ನು ಮಲಗಿಸಿದ್ದು ಗಾಳಿ ಸಲೀಸಾಗಿ ಹರಿದು ಹೋಗಲಿ ಅಂತ. ಅದರ ಪುಣ್ಯಕ್ಕೆ ನಮ್ಮ ಫಿಲ್ಟರಿಗೆ ಬೇಕಾದ ಕೋನವೂ ಸಿಕ್ಕಿಬಿಟ್ಟಿದೆ.

ಫಿಲ್ಟರಿನ ಕೆಲಸ ಏನು? ಕಿಟಕಿಯ ನೆಟ್ಟಗಿನ ಸರಳುಗಳ ನಡುವೆ ಒಂದು ತಟ್ಟೆಯನ್ನು ನಿಲ್ಲಿಸಿ ಹಿಡಿದರೆ ಹೊರಗೆ ಹೋಗುತ್ತದೆ, ಮಲಗಿಸಿ ಹಿಡಿದರೆ ಸಿಕ್ಕಿಹಾಕಿಕೊಳ್ಳುತ್ತದೆ, ಅಲ್ವಾ? ಫಿಲ್ಟರ್ ಹಾಗೆ ಒಂದು ದಿಕ್ಕಿನ ಕಂಪನವನ್ನು ಬಿಟ್ಟು ಇನ್ನೊಂದನ್ನು ತಡೆಯುತ್ತದೆ. ಡ್ಯಾಶ್‌ಬೋರ್ಡಿನ ಬಿಂಬ ಅಡ್ಡ ಕಂಪನದ್ದು. ಅದನ್ನು ತಡೆಯುವ ಹಾಗೆ ಫಿಲ್ಟರನ್ನು ತಿರುಗಿಸಿ ನಿಲ್ಲಿಸಬೇಕು. ಅಷ್ಟೇ.

ಫಿಲ್ಟರ್ ಕೊಳ್ಳುವ ಮುಂಚೆ ಎರಡು ಕೆಲಸ ಮಾಡಿ. ಫೋನಿನಲ್ಲಿ ಮಟ್ಟ ನೋಡುವ ಆ್ಯಪ್ ಇರುತ್ತದೆ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಫೋನನ್ನು ಗಾಜಿನ ಮೇಲೆ ಉದ್ದಕ್ಕೆ ಮಲಗಿಸಿ, ಕೋನ ಓದಿಕೊಳ್ಳಿ. 25ರಿಂದ 40ರ ಒಳಗೆ ಬಂದರೆ ಫಿಲ್ಟರಿನಿಂದ ಚೆನ್ನಾಗಿ ಲಾಭ ಇದೆ. ಥಾರ್, ಜಿಮ್ನಿಯಂಥ ಗಾಡಿಗಳಲ್ಲಿ ಗಾಜು ಎದ್ದು ನಿಂತಿರುತ್ತದೆ. ಅಲ್ಲಿ ಲಾಭ ಕಡಿಮೆ. ಬಸ್ಸು, ಲಾರಿಗಳಲ್ಲಿ ಗಾಜು ಹೆಚ್ಚುಕಡಿಮೆ ಗೋಡೆಯ ಹಾಗೆ ನೆಟ್ಟಗಿರುತ್ತದೆ. ಅಲ್ಲಿ ಎರಡೂ ದಿಕ್ಕಿನ ಕಂಪನ ಸುಮಾರು ಸಮನಾಗಿಯೇ ವಾಪಸ್ ಬರುವುದರಿಂದ ಫಿಲ್ಟರಿಗೆ ಆರಿಸಿ ತಡೆಯಲು ಏನೂ ಇರುವುದಿಲ್ಲ. ಅಲ್ಲಿ ಬಿಂಬವಾಗಿ ಕಾಣುವುದು ಡ್ರೈವರ್ ಅಂಗಿ, ಸೀಟಿನ ಕವರ್. "ಏನೂ ಬದಲಾಗಲಿಲ್ಲ" ಅಂದವರಲ್ಲಿ ಕೆಲವರ ಗಾಡಿ ಇಂಥದ್ದೇ ಇರುತ್ತದೆ.

ಎರಡನೆಯದು ಇನ್ನೂ ಸುಲಭ. ಮನೆಯಲ್ಲಿ ಯಾರ ಹತ್ತಿರವಾದರೂ ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಇದ್ದರೆ ಅದರ ಒಂದು ಗಾಜನ್ನು ಕ್ಯಾಮೆರಾ ಮುಂದೆ ನೆಟ್ಟಗೆ ಹಿಡಿಯಿರಿ, ಮುಖಕ್ಕೆ ಹಾಕಿಕೊಂಡಾಗ ಇರುವ ಹಾಗೇ. ಆ ಕನ್ನಡಕಗಳೂ ಅಡ್ಡ ಕಂಪನವನ್ನೇ ತಡೆಯುವಂತೆ ಮಾಡಿರುತ್ತಾರೆ. ಪರದೆಯಲ್ಲಿ ಬಿಂಬ ಎಷ್ಟು ಕರಗಿತು ನೋಡಿ. ಫಿಲ್ಟರ್ ಹಾಕಿದರೂ ಹೆಚ್ಚುಕಡಿಮೆ ಅಷ್ಟೇ ಕರಗುತ್ತದೆ. ಸುಮ್ನೆ ದುಡ್ಡು ಹಾಕಿ ಆಮೇಲೆ ಬೇಜಾರಾಗುವುದು ತಪ್ಪುತ್ತದೆ.

ಇನ್ನು ಹೊಂದಿಸುವ ಕೆಲಸ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಜನ ಎಡವುವುದೇ ಇಲ್ಲಿ.

ಗ್ಯಾರೇಜಿನ ನೆರಳಿನಲ್ಲಿ ಹೊಂದಿಸಬೇಡಿ. ಅಲ್ಲಿ ಬಿಂಬವೇ ಇರುವುದಿಲ್ಲ, ತಿರುಗಿಸಿ ಏನು ನೋಡುತ್ತೀರಿ? ಬಿಸಿಲು ನೆತ್ತಿಯ ಮೇಲಿರುವಾಗ ಬಯಲಿನಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ. ಗಾಜಿನ ಒಳಮೈಯನ್ನು ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಹೊಸ ಕಾರುಗಳಲ್ಲಿ ಪ್ಲಾಸ್ಟಿಕ್ಕಿನ ಆವಿ ಗಾಜಿನ ಮೇಲೆ ತೆಳ್ಳಗೆ ಕೂತಿರುತ್ತದೆ. ಆ ಮಂಜಿನಂಥ ಪೊರೆಯನ್ನು ಯಾವ ಫಿಲ್ಟರೂ ತೆಗೆಯುವುದಿಲ್ಲ. ಆಮೇಲೆ ಒಂದು ಬಿಳಿ ಎ4 ಹಾಳೆಯನ್ನು ಕ್ಯಾಮೆರಾದ ನೇರಕ್ಕೆ ಕೆಳಗೆ, ಡ್ಯಾಶ್‌ಬೋರ್ಡ್ ಮೇಲೆ, ಗಾಜಿನ ಹತ್ತಿರ ಇಡಿ. ಬೇಕೆಂದೇ ದೊಡ್ಡ ಬಿಂಬ ಮಾಡಿಕೊಳ್ಳುತ್ತಿದ್ದೇವೆ. ಫೋನನ್ನು ವೈಫೈ ಮೂಲಕ ಕ್ಯಾಮೆರಾಗೆ ಜೋಡಿಸಿ ಲೈವ್ ಚಿತ್ರ ತೆರೆಯಿರಿ. ಪಕ್ಕದ ಸೀಟಿನಲ್ಲಿ ಇನ್ನೊಬ್ಬರು ಫೋನ್ ಹಿಡಿದು ಕೂತರೆ ಒಳ್ಳೆಯದು.

ಈಗ ಫಿಲ್ಟರಿನ ಹೊರ ಉಂಗುರವನ್ನು ನಿಧಾನಕ್ಕೆ ತಿರುಗಿಸಿ. ಹಾಳೆಯ ಬಿಂಬ ಮಂಕಾಗುತ್ತ ಹೋಗಿ, ಒಂದು ಕಡೆ ಹೆಚ್ಚುಕಡಿಮೆ ಮಾಯವಾಗಿ, ಮತ್ತೆ ಬೆಳಗುತ್ತದೆ. ಒಂದು ಪೂರ್ತಿ ಸುತ್ತಿನಲ್ಲಿ ಹೀಗೆ ಎರಡು ಸಲ ಮಾಯವಾಗಬೇಕು. ಎರಡರಲ್ಲಿ ಯಾವುದಾದರೂ ಸರಿ, ಎರಡೂ ಒಂದೇ. ಫೋನಿಗೆ ಚಿತ್ರ ಬರಲು ಒಂದು ಕ್ಷಣ ತಡವಾಗುತ್ತದೆ, ಹಾಗಾಗಿ ಸ್ವಲ್ಪ ತಿರುಗಿಸಿ, ನಿಲ್ಲಿಸಿ, ನೋಡಿ, ಮತ್ತೆ ತಿರುಗಿಸಿ. ತಿರುಪಿನ ಹಾಗೆ ತಿರುಗಿಸಿ ಕೂರಿಸುವ ಫಿಲ್ಟರ್ ಆದರೆ ಯಾವಾಗಲೂ ಬಿಗಿಯಾಗುವ ಕಡೆಗೇ ತಿರುಗಿಸಿ. ಇಲ್ಲದಿದ್ದರೆ ಅದು ಕಳಚಿ ಕೈಗೆ ಬರುತ್ತದೆ.

ಎಷ್ಟು ಕರಾರುವಾಕ್ಕಾಗಿ ಹೊಂದಿಸಬೇಕು ಅಂತ ಕೇಳುತ್ತಾರೆ. ಇದಕ್ಕೆ ಮಾಲ್ಯೂಸನೇ ಸೂತ್ರ ಕೊಟ್ಟಿದ್ದಾನೆ. ಸರಿಯಾದ ಜಾಗದಿಂದ 5 ಡಿಗ್ರಿ ತಪ್ಪಿದರೆ, ತಡೆಯಬೇಕಾದ ಬೆಳಕಿನಲ್ಲಿ ನೂರಕ್ಕೆ ಒಂದು ಪಾಲೂ ನುಸುಳುವುದಿಲ್ಲ. 10 ಡಿಗ್ರಿ ತಪ್ಪಿದರೆ ನೂರಕ್ಕೆ 3. 20 ಡಿಗ್ರಿ ಆದರೆ 12. 45 ಡಿಗ್ರಿ ಆದರೆ ಅರ್ಧಕ್ಕರ್ಧ. ಅಂದರೆ ಕೂದಲೆಳೆಯ ಲೆಕ್ಕ ಬೇಕಾಗಿಲ್ಲ. ಆದರೆ ಲೆನ್ಸ್ ಒರೆಸುವಾಗ ಉಂಗುರ ಅರಿವಿಲ್ಲದೆ ತಿರುಗಿಬಿಟ್ಟರೆ ಮಾಡಿದ ಕೆಲಸ ಹಾಳು. ಅದಕ್ಕೇ ಹೊಂದಿಸಿದ ತಕ್ಷಣ ಉಂಗುರದಿಂದ ಕ್ಯಾಮೆರಾ ಮೈವರೆಗೆ ನೇಲ್ ಪಾಲಿಶ್‌ನಲ್ಲಿ ಒಂದು ಸಣ್ಣ ಗೆರೆ ಎಳೆಯಿರಿ. ಆಮೇಲೆ ಗೆರೆ ಮುರಿದಿದ್ದರೆ ಕಣ್ಣಿಗೆ ಬೀಳುತ್ತದೆ.

ಕೆಲವು ಫಿಲ್ಟರುಗಳಲ್ಲಿ ತಯಾರಕರೇ ಗುರುತು ಹಾಕಿ, ಅದು ಮೇಲೆ ಬರಲಿ ಅನ್ನುತ್ತಾರೆ. ಅಲ್ಲಿಂದ ಶುರುಮಾಡಿ, ಅಲ್ಲೇ ಬಿಡಬೇಡಿ. ಮುಂದಿನ ಗಾಜು ಮಧ್ಯದಲ್ಲಿ ಚಪ್ಪಟೆ, ಪಕ್ಕಕ್ಕೆ ಹೋದಂತೆ ಬಾಗಿರುತ್ತದೆ. ಕ್ಯಾಮೆರಾವನ್ನು ಕನ್ನಡಿಯ ಹಿಂದೆ ಮಧ್ಯದಲ್ಲಿ ಅಂಟಿಸಿದರೆ ಗುರುತು ಸರಿಹೋಗುತ್ತದೆ. ಎಡಕ್ಕೆ ಸರಿಸಿ ಅಂಟಿಸಿದ್ದರೆ ಸರಿಯಾದ ಜಾಗವೂ ಅಷ್ಟಿಷ್ಟು ವಾಲುತ್ತದೆ. ಕ್ಯಾಮೆರಾ ಜಾಗ ಬದಲಾದರೆ ಮತ್ತೆ ಹೊಂದಿಸಲೇಬೇಕು.

ಈಗ ಫಿಲ್ಟರ್ ಸೋಲುವ ಜಾಗ. ಡ್ಯಾಶ್‌ಕ್ಯಾಮಿನ ಲೆನ್ಸ್ ಬಹಳ ಅಗಲಕ್ಕೆ ನೋಡುತ್ತದೆ, 140 ಡಿಗ್ರಿವರೆಗೂ. ಚಿತ್ರದ ಮಧ್ಯಕ್ಕೆ ಹೊಂದಿಸಿದ್ದು ಮೂಲೆಗಳಿಗೆ ಪೂರ್ತಿ ಒಗ್ಗುವುದಿಲ್ಲ. ಚಿತ್ರದ ತಳಭಾಗ ಇನ್ನೂ ಕಷ್ಟ. ಅಲ್ಲಿ ಕ್ಯಾಮೆರಾ ಕೆಳಮುಖವಾಗಿ ನೋಡುವುದರಿಂದ ನೋಟ ಗಾಜನ್ನು ಸವರಿಕೊಂಡು ಹೋಗುತ್ತದೆ. 20 ಡಿಗ್ರಿ ಕೆಳಗೆ ನೋಡಿದರೆ, ಬ್ರೂಸ್ಟರ್ ಲೆಕ್ಕದಲ್ಲಿ ಓರೆ 80 ಆಗುತ್ತದೆ. ಆಗ ಮೇಲೆ ಕೆಳಗಿನ ಕಂಪನವೂ ನೂರಕ್ಕೆ 20ಕ್ಕಿಂತ ಜಾಸ್ತಿ ವಾಪಸ್ ಬರುತ್ತದೆ. ಫಿಲ್ಟರ್ ಅದನ್ನು ತಡೆಯಲಾರದು. ಆದ್ದರಿಂದ ಹೊಂದಿಸುವಾಗ ಬಾನೆಟ್ ಕಾಣುವ ತಳಭಾಗವನ್ನು ನೋಡಿ ಕೊರಗಬೇಡಿ. ಮುಂದಿನ ಗಾಡಿಯ ಪ್ಲೇಟ್ ಎಲ್ಲಿ ಕಾಣುತ್ತದೋ ಅಲ್ಲಿ ಬಿಂಬ ಹೋಯಿತಾ ನೋಡಿ. ನಮಗೆ ಬೇಕಿರುವುದು ಅದು.

ಉಳಿದದ್ದಕ್ಕೆ ಕಪ್ಪು ಬಟ್ಟೆ ಇದೆ. ನಿಜ ಹೇಳಬೇಕೆಂದರೆ, ಫಿಲ್ಟರಿಗಿಂತ ಮೊದಲು ಇದನ್ನು ಮಾಡಬೇಕು. ಗಾಜು ನೆಲಮಟ್ಟದಿಂದ 30 ಡಿಗ್ರಿ ಎದ್ದಿದ್ದಾಗ ಕ್ಯಾಮೆರಾ ಬಿಂಬವಾಗಿ ನೋಡುವುದು ಡ್ಯಾಶ್‌ಬೋರ್ಡಿನ ಎಲ್ಲ ಭಾಗವನ್ನೂ ಅಲ್ಲ, ತನ್ನ ಕೆಳಗೆ ಸ್ವಲ್ಪ ಮುಂದೆ, ಗಾಜಿನ ಬುಡದ ಕಡೆ ಇರುವ ಭಾಗವನ್ನು. ಅಲ್ಲಿ ಹೊಳಪಿಲ್ಲದ ಕಪ್ಪು ಫೆಲ್ಟ್ ಬಟ್ಟೆ ಹಾಸಿದರೆ ಬೆಳಕು ಏಳುವುದೇ ಇಲ್ಲ. ಆದರೆ ಒಂದು ಎಚ್ಚರಿಕೆ. ಪಕ್ಕದ ಸೀಟಿನ ಏರ್‌ಬ್ಯಾಗ್ ಡ್ಯಾಶ್‌ಬೋರ್ಡಿನ ಮೇಲ್ಭಾಗದಿಂದ ಬಿರಿದು ಬರುತ್ತದೆ. ಆ ಮುಚ್ಚಳದ ಮೇಲೆ ಬಟ್ಟೆಯನ್ನೂ ಮೂರ್ತಿಯನ್ನೂ ಅಂಟಿಸಬಾರದು. ಅಪಘಾತದಲ್ಲಿ ಅದು ಕಲ್ಲಿನ ವೇಗದಲ್ಲಿ ಮುಖಕ್ಕೆ ಬರುತ್ತದೆ. ಹಾಗೇ ವಾಟರ್ ಸರ್ವಿಸ್ ಮಾಡಿಸಿದಾಗ ಡ್ಯಾಶ್‌ಬೋರ್ಡಿಗೆ ಮಿರಮಿರ ಮಿಂಚುವ ಪಾಲಿಶ್ ಹಚ್ಚುತ್ತಾರಲ್ಲ, ಅದು ಬೇಡ ಅಂತ ಮೊದಲೇ ಹೇಳಿಬಿಡಿ. ಬಿಂಬ ಜಾಸ್ತಿಯಾಗಲು ಅದೂ ಒಂದು ಕಾರಣ.

ರಾತ್ರಿಯ ವಿಚಾರಕ್ಕೆ ಬರೋಣ. ಫಿಲ್ಟರ್ ಬೇಡದ ಬೆಳಕಿನ ಜೊತೆ ಬೇಕಾದ ಬೆಳಕನ್ನೂ ಅರ್ಧಕ್ಕಿಂತ ಜಾಸ್ತಿ ನುಂಗುತ್ತದೆ. ಹಗಲಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ರಾತ್ರಿ ಕ್ಯಾಮೆರಾ ಒದ್ದಾಡುತ್ತದೆ. ಡ್ಯಾಶ್‌ಕ್ಯಾಮ್ ಲೆನ್ಸಿನ ಕಿಂಡಿ ಹಿಗ್ಗುವಂಥದ್ದಲ್ಲ. ಹಾಗಾಗಿ ಅದು ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ಬೆಳಕು ಹಿಡಿಯುತ್ತದೆ, ಓಡುವ ಗಾಡಿಯ ಪ್ಲೇಟ್ ಕಲಸಿಹೋಗುತ್ತದೆ. ರಾತ್ರಿ ಕಾರಿನೊಳಗೆ ಕತ್ತಲಿರುವುದರಿಂದ ಡ್ಯಾಶ್‌ಬೋರ್ಡಿನ ಬಿಂಬವೂ ಕಡಿಮೆ. ರಾತ್ರಿ ಪಾಳಿಯ ಕ್ಯಾಬ್ ಓಡಿಸುವವರು ಫಿಲ್ಟರ್ ಹಾಕಲೇಬೇಡಿ ಅನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಹಗಲು ರಾತ್ರಿ ಎರಡೂ ಓಡಿಸುವವರು ಸುಲಭವಾಗಿ ಕಳಚುವಂಥದ್ದನ್ನೇ ಕೊಳ್ಳಿ.

ಎದುರು ಬರುವ ಗಾಡಿಯ ಹೈಬೀಮ್ ಕಡಿಮೆಯಾಗಲಿ ಅಂತ ಫಿಲ್ಟರ್ ಹಾಕುವವರಿದ್ದಾರೆ. ಆಗುವುದಿಲ್ಲ. ಹೆಡ್‌ಲೈಟ್ ಬೆಳಕು ಎಲ್ಲ ದಿಕ್ಕಿಗೂ ಕಂಪಿಸುತ್ತದೆ. ಆದರೆ ಆ ಆಸೆಯ ಹಿಂದೆ ಒಂದು ದೊಡ್ಡ ಕಥೆಯೇ ಇದೆ. ಅಮೆರಿಕದ ಎಡ್ವಿನ್ ಲ್ಯಾಂಡ್ ಅಗ್ಗದ ಪೋಲರೈಸಿಂಗ್ ಹಾಳೆ ಮಾಡಲು ಹೊರಟಿದ್ದರ ಹಿಂದೆ ಇದ್ದದ್ದು ಹೆಡ್‌ಲೈಟಿನ ಚಿಂತೆಯೇ. 1929ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, 1937ರಲ್ಲಿ ಪೋಲರಾಯ್ಡ್ ಕಂಪನಿ ಕಟ್ಟಿದ. ಪ್ರತಿ ಕಾರಿನ ಹೆಡ್‌ಲೈಟಿಗೂ ಡ್ರೈವರ್ ಮುಂದಿನ ಪಟ್ಟಿಗೂ ಒಂದೇ ಕಡೆಗೆ 45 ಡಿಗ್ರಿ ವಾಲಿದ ಹಾಳೆ ಹಾಕುವುದು ಅವನ ಯೋಜನೆ. ಎದುರು ಬರುವ ಕಾರಿನ ಹಾಳೆ ನಮಗೆ ತಿರುವುಮುರುವಾಗಿ ಕಾಣುವುದರಿಂದ ಅದರ ಬೆಳಕು ನಮ್ಮ ಕಣ್ಣಿಗೆ ಬರುವುದಿಲ್ಲ, ನಮ್ಮ ದೀಪದ ಬೆಳಕು ಮಾತ್ರ ಕಾಣುತ್ತದೆ. ಎಂಥ ಚೆಂದದ ಯೋಚನೆ! ಆದರೆ ಎಲ್ಲ ಗಾಡಿಗಳಿಗೂ ಒಟ್ಟಿಗೆ ಹಾಕಬೇಕಿತ್ತು, ದೀಪಗಳನ್ನು ಇನ್ನೂ ಪ್ರಖರ ಮಾಡಬೇಕಿತ್ತು. ಕಾರು ಕಂಪನಿಗಳು ಒಪ್ಪಲಿಲ್ಲ. ರಾತ್ರಿ ಹೆದ್ದಾರಿಯಲ್ಲಿ ಓಡಿಸುವಾಗೆಲ್ಲ ನನಗೆ ಆ ಯೋಜನೆ ಬಿದ್ದುಹೋದದ್ದಕ್ಕೆ ಹೊಟ್ಟೆ ಉರಿಯುತ್ತದೆ.

ಸಿಪಿಎಲ್‌ನಲ್ಲಿ ಅಂಥ ಪೋಲರೈಸಿಂಗ್ ಹಾಳೆಯ ಹಿಂದೆ ಕ್ವಾರ್ಟರ್ ವೇವ್ ಪ್ಲೇಟ್ ಅನ್ನುವ ಇನ್ನೊಂದು ಪದರ ಇರುತ್ತದೆ, ಅದು ಒಂದೇ ದಿಕ್ಕಿನ ಕಂಪನವನ್ನು ಸುತ್ತು ತಿರುಗುವ ಕಂಪನವಾಗಿ ಬದಲಿಸುತ್ತದೆ. ಎಸ್‌ಎಲ್‌ಆರ್ ಅನ್ನುವ ಫೋಟೋ ಕ್ಯಾಮೆರಾಗಳ ಒಳಗಿರುವ ಕನ್ನಡಿಗೆ ತೊಂದರೆಯಾಗದಿರಲಿ ಅಂತ ಶುರುವಾದದ್ದು. ಡ್ಯಾಶ್‌ಕ್ಯಾಮಿಗೆ ಅದರ ಅಗತ್ಯ ಇಲ್ಲ, ಆದರೆ ಅಂಗಡಿಯಲ್ಲಿ ಸಿಗುವುದು ಅದೇ. ಅದರಿಂದ ಗೊತ್ತಿರಬೇಕಾದ ಸಂಗತಿ ಒಂದೇ: ಫಿಲ್ಟರನ್ನು ಹಿಂದುಮುಂದಾಗಿ ಹಾಕಿದರೆ ಎಷ್ಟು ತಿರುಗಿಸಿದರೂ ಬಿಂಬ ಹೋಗುವುದಿಲ್ಲ. ಪರೀಕ್ಷೆ ಸುಲಭ. ಕನ್ನಡಿಯ ಮುಂದೆ ನಿಂತು ಫಿಲ್ಟರನ್ನು ಒಂದು ಕಣ್ಣಿನ ಮುಂದೆ ಹಿಡಿಯಿರಿ, ಅದರೊಳಗಿಂದ ಕನ್ನಡಿಯಲ್ಲಿನ ಫಿಲ್ಟರನ್ನೇ ನೋಡಿ. ಅದು ಕಪ್ಪಾಗಿ ಕಂಡರೆ ಕನ್ನಡಿಯ ಕಡೆ ಇರುವ ಮೈ ಕ್ಯಾಮೆರಾಗೆ ತಾಗಬೇಕಾದ ಮೈ.

ಇಂಥ ಒಂದೇ ಪ್ಲೇಟ್ ಒಂದು ಬಣ್ಣಕ್ಕೆ ಸರಿಹೋದರೆ ಇನ್ನೊಂದಕ್ಕೆ ಸ್ವಲ್ಪ ತಪ್ಪುತ್ತದೆ. ಮೂರು ಪ್ಲೇಟುಗಳನ್ನು ಬೇರೆ ಬೇರೆ ಓರೆಯಲ್ಲಿ ಜೋಡಿಸಿ ಎಲ್ಲ ಬಣ್ಣಕ್ಕೂ ಸರಿಹೊಂದಿಸುವ ದಾರಿ ತೋರಿಸಿದವರು ಎಸ್. ಪಂಚರತ್ನಂ. ಅದು 1955ರಲ್ಲಿ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಆದ ಕೆಲಸ. ಅವರು ಸಿ.ವಿ. ರಾಮನ್ ಅವರ ಸೋದರಳಿಯ. ಆಗ ವಯಸ್ಸು 21. ತೀರಿಕೊಂಡಾಗ 35. ನಮ್ಮೂರಿನಲ್ಲೇ ನಡೆದ ಈ ಕೆಲಸ ಇನ್ನಷ್ಟು ಜನಕ್ಕೆ ಗೊತ್ತಾಗಬೇಕು.

ಮಾತು ಮುಗಿದ ಮೇಲೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಇಲ್ಲಿ ಸೇರಿಸಿದ್ದೇನೆ.

"ಸರ್, ಹಿಂದಿನ ಕ್ಯಾಮೆರಾಗೂ ಹಾಕಬಹುದಾ?" ಬೇಡಮ್ಮಾ. ಮುಂದಿನ ಗಾಜು ಎರಡು ಪದರ ಅಂಟಿಸಿದ್ದು. ಹಿಂದಿನದು ಟೆಂಪರ್ಡ್ ಗಾಜು. ಕಾಯಿಸಿ, ಗಾಳಿ ಊದಿ ಒಮ್ಮೆಲೇ ತಣ್ಣಗೆ ಮಾಡಿರುತ್ತಾರೆ. ಗಾಳಿ ಬಿದ್ದ ಜಾಗದ ಒತ್ತಡ ಗಾಜಿನೊಳಗೆ ಉಳಿದಿರುತ್ತದೆ. ಬರಿಗಣ್ಣಿಗೆ ಕಾಣದ ಆ ಕಲೆಗಳು ಫಿಲ್ಟರಿನಲ್ಲಿ ಚುಕ್ಕಿ ಚುಕ್ಕಿಯಾಗಿ ಎದ್ದು ಕಾಣುತ್ತವೆ. ಮುಂದಿನ ಕ್ಯಾಮೆರಾಗೆ ಫಿಲ್ಟರ್ ಹಾಕಿದಾಗ ಬೇರೆ ಕಾರುಗಳ ಹಿಂದಿನ ಗಾಜಿನ ಮೇಲೆ ಸಾಲು ಚುಕ್ಕಿ ಕಂಡರೆ ಗಾಬರಿಯಾಗಬೇಡಿ, ಅದೂ ಇದೇ.

"ಬಿಂಬವನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ತೆಗೆಯಬಹುದಲ್ವಾ?" ಬಿಂಬ ತೀರಾ ಬೆಳ್ಳಗಿದ್ದರೆ ಅದರ ಕೆಳಗಿನ ಅಂಕಿ ದಾಖಲಾಗಿಯೇ ಇರುವುದಿಲ್ಲ. ಇಲ್ಲದ್ದನ್ನು ತೆಗೆಯುವುದು ಹೇಗೆ? ಇನ್ನೊಂದು ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ವಿಡಿಯೋವನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ, ಅಂದರೆ ಆ ಫೈಲಿನ ಬೆರಳಚ್ಚಿನಂಥ ಸಂಕೇತ, ಬರೆಯಬೇಕು. ಫೈಲನ್ನು ಒಂದಿಷ್ಟು ತಿದ್ದಿದರೂ ಹ್ಯಾಶ್ ಬದಲಾಗುತ್ತದೆ. ಮೆಮೊರಿ ಕಾರ್ಡಿನಲ್ಲಿರುವ ಮೂಲ ಫೈಲೇ ನಿಮ್ಮ ಆಸ್ತಿ. ಅದು ಮೊದಲೇ ಸ್ವಚ್ಛವಾಗಿ ದಾಖಲಾಗಿರಬೇಕು.

"ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯಲ್ಲಿ ಒದ್ದೆ ರಸ್ತೆ ತುಂಬಾ ಹೊಳೆಯುತ್ತದೆ. ಅದೂ ಹೋಗುತ್ತದಾ?" ಪೂರ್ತಿ ಹೋಗುವುದಿಲ್ಲ. ನೀರಿಗೆ ಬ್ರೂಸ್ಟರ್ ಕೋನ 53 ಡಿಗ್ರಿ. ಕ್ಯಾಮೆರಾ ನೆಲದಿಂದ ಸುಮಾರು 1.3 ಮೀಟರ್ ಎತ್ತರದಲ್ಲಿದ್ದರೆ ಆ ಕೋನ ಸಿಗುವುದು 1.7 ಮೀಟರ್ ಮುಂದೆ. ಅಲ್ಲಿ ನಿಮ್ಮದೇ ಬಾನೆಟ್ ಅಡ್ಡ ಇದೆ. ದೂರದ ರಸ್ತೆಯನ್ನು ಕ್ಯಾಮೆರಾ ಸವರಿಕೊಂಡು ನೋಡುತ್ತದೆ, ಅಲ್ಲಿ ಹೊಳಪು ಸ್ವಲ್ಪ ತಗ್ಗುತ್ತದೆ ಅಷ್ಟೇ. ಆದರೆ ಘಾಟಿಯಲ್ಲಿ ಮೋಡ, ಮರದ ನೆರಳು ಬೇರೆ. ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲೇ ಬೀಳುವುದಿಲ್ಲ, ಬೆಳಕೂ ಕಡಿಮೆ. ನೀವು ಉಜಿರೆ ದಾಟುವ ಮುಂಚೆ ಫಿಲ್ಟರ್ ಕಳಚಿ ಡಬ್ಬಿಯಲ್ಲಿಡಿ. ಕೊಟ್ಟಿಗೆಹಾರ ದಾಟಿ ಬಿಸಿಲು ಬಂದ ಮೇಲೆ ಗಾಡಿ ಪಕ್ಕಕ್ಕೆ ನಿಲ್ಲಿಸಿ, ಗೆರೆ ನೋಡಿಕೊಂಡು ಮತ್ತೆ ಹಾಕಿಕೊಳ್ಳಿ.